ಕಲಬುರಗಿಯ ಎರೆ ಮಣ್ಣಿನಲ್ಲಿ ಮನೆ ಸುತ್ತ ಯಾವ ಹಣ್ಣಿನ ಗಿಡ, ಬಳ್ಳಿ ಹಚ್ಚಬೇಕು?

ಹೊಸ ಮನೆ, 40×60 ಸೈಟು, ಎರೆ ಮಣ್ಣು. ಗುಂಡಿ ತೋಡಿಸಿ ಕೆಂಪು ಮಣ್ಣು ತುಂಬಿ ಬೆಣ್ಣೆಹಣ್ಣು, ಪಪ್ಪಾಯಿ, ನುಗ್ಗೆ ಹಚ್ಚಬೇಕು ಅಂತಿದ್ದೀರಿ, ಯಾವ ತಳಿ ತರಲಿ ಅಂತ ಕೇಳಿದ್ದೀರಿ. ಕೆಂಪು ಮಣ್ಣಿನ ಟ್ರ್ಯಾಕ್ಟರಿನವರಿಗೆ ಇನ್ನೂ ದುಡ್ಡು ಕೊಟ್ಟಿಲ್ಲ ಅಂದರೆ ದಯವಿಟ್ಟು ಕೊಡಬೇಡಿ. ತಳಿಯ ಮಾತು ಆಮೇಲೆ.

ಸೇಡಂ ರಸ್ತೆ ಕಡೆ ನಾವು ಮನೆ ಕಟ್ಟಿಸಿದಾಗ ನಾನೂ ಇದನ್ನೇ ಮಾಡಿದೆ. ನಮ್ಮ ಅಕ್ಕ ಬೀದರ್‌ನಲ್ಲಿದ್ದಾಳೆ. ಅವಳ ಹಿತ್ತಲಲ್ಲಿ ಮೂರಡಿ ಗುಂಡಿ, ತಿಪ್ಪೆ ಗೊಬ್ಬರ, ಒಂದು ಸಸಿ, ಅಷ್ಟೇ. ಗಿಡ ತಾನೇ ಬೆಳೆಯುತ್ತದೆ. ಅದನ್ನು ನೋಡಿ ಬಂದು ನಾನೂ ಮೂರಡಿ ಗುಂಡಿ ತೋಡಿಸಿ, ಅಗೆದ ಎರೆ ಮಣ್ಣನ್ನೆಲ್ಲ ಹೊರಗೆ ಸಾಗಿಸಿ, ಕೆಂಪು ಮಣ್ಣು ತರಿಸಿ ತುಂಬಿಸಿದೆ. ಮೇ ತಿಂಗಳ ಬಿಸಿಲಿಗೆ ಹಸಿರು ನೆಟ್ ಕಟ್ಟಿದೆ, ಸಂಜೆ ಸಂಜೆ ನೀರು ಹಾಕಿದೆ. ಎಲ್ಲರೂ ಕಲಬುರಗಿ ಬಿಸಿಲಿಗೆ ಉಳಿಯಲ್ಲ ಅಂದಿದ್ದರು. ಒಂದೂ ಸಾಯಲಿಲ್ಲ. ಸತ್ತಿದ್ದು ಸೆಪ್ಟೆಂಬರ್‌ನಲ್ಲಿ, ಮಳೆ ಚೆನ್ನಾಗಿ ಹಿಡಿದಾಗ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನರ್ಸರಿಯಲ್ಲಿ ಯಾರೂ ಹೇಳಲ್ಲ. ಬೇಸಿಗೆಯಲ್ಲಿ ಎರೆ ಮಣ್ಣು ಬಾಯಿ ಬಿಡುತ್ತದೆ, ಬಿರುಕಿನೊಳಗೆ ಕೈ ಹಾಕಿದರೆ ಮೊಣಕೈ ತನಕ ಹೋಗುತ್ತದೆ. ಗುಂಡಿಗೆ ನೀರು ಸುರಿದು ನೋಡಿದ್ದೆ. ನೋಡನೋಡುತ್ತಲೇ ಇಂಗಿ ಹೋಯಿತು. ಬಸಿಯೋದು ಚೆನ್ನಾಗಿದೆ ಅಂದುಕೊಂಡೆ. ಆದರೆ ಆ ನೀರು ಮಣ್ಣಿನಲ್ಲಿ ಇಂಗಿರಲಿಲ್ಲ, ಬಿರುಕಿನಲ್ಲಿ ಇಳಿದಿತ್ತು. ಮಳೆ ಬಿದ್ದು ನೆನೆದ ಮೇಲೆ ಇದೇ ಮಣ್ಣು ಉಬ್ಬುತ್ತದೆ, ಬಿರುಕು ಮುಚ್ಚಿಕೊಳ್ಳುತ್ತವೆ, ಆಮೇಲೆ ನೀರು ಕೆಳಗೆ ಇಳಿಯೋದೇ ಇಲ್ಲ ಅನ್ನುವಷ್ಟು ನಿಧಾನ. ಗುಂಡಿಯೊಳಗಿನ ಕೆಂಪು ಮಣ್ಣು ಸಡಿಲ. ಸುತ್ತಲಿನ ನೀರೆಲ್ಲ ಅದರೊಳಗೆ ಬಂದು ಸೇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ಕೆಳಗೆ ಬೇರು ದಿನಗಟ್ಟಲೆ ನೀರಲ್ಲಿ ನಿಂತಿರುತ್ತದೆ.

ಎಲೆ ಜೋತು ಬಿದ್ದಾಗ ಬಾಯಾರಿದೆ ಅಂತಲೇ ಅನಿಸುತ್ತದೆ. ಬೇರು ಕೊಳೆತರೂ ಹಾಗೇ, ನೀರಿಲ್ಲದಿದ್ದರೂ ಹಾಗೇ, ನೋಡಲು ಎರಡೂ ಒಂದೇ. ಮಳೆ ಬಿಡುವು ಕೊಟ್ಟ ದಿನ ನಾನು ಮತ್ತೆ ನೀರು ಹಾಕಿದೆ. ಮೊದಲು ಪಪ್ಪಾಯಿ ಹೋದವು. ಒಂದನ್ನು ಹಿಡಿದು ಎಳೆದೆ, ಸುಲಭವಾಗಿ ಕಿತ್ತು ಬಂತು. ಬೇರಿನ ಮೇಲಿನ ಸಿಪ್ಪೆ ಬೆರಳಿಗೆ ಕಂದು ಲೋಳೆಯಾಗಿ ಅಂಟಿ, ಒಳಗಿನ ನಾರು ಮಾತ್ರ ಉಳಿಯಿತು. ಚರಂಡಿ ವಾಸನೆ. ಆಮೇಲೆ ಬೆಣ್ಣೆಹಣ್ಣು, ಆಮೇಲೆ ನುಗ್ಗೆ. ಎದುರು ಮನೆಯ ಕಾಕಾ ಹೊಲ ಮಾಡಿದವರು. ಬಂದು ಗುಂಡಿ ನೋಡಿ, "ನೀ ಗಿಡ ಹಚ್ಚಿಲ್ಲ ಯವ್ವಾ, ನೀರಿನ ಹೌದ ಕಟ್ಟಿದಿ" ಅಂದರು.

ಬೀದರ್ ಸುತ್ತ ಕೆಂಪು ಜಂಬಿಟ್ಟಿಗೆ ನೆಲ, ನೀರು ಇಂಗುತ್ತದೆ. ಅಲ್ಲಿ ಗುಂಡಿ ಸರಿ. ನಮ್ಮಲ್ಲಿ ಗಿಡ ನೆಲಕ್ಕಿಂತ ಮೇಲೆ ಕೂರಬೇಕು.

ಹಾಗಾಗಿ ಯಾವ ಗಿಡ ಅನ್ನೋ ಪ್ರಶ್ನೆಯೇ ಮೊದಲನೆಯದಲ್ಲ. ಜೋರು ಮಳೆ ಬಂದ ದಿನ ಕಾಂಪೌಂಡ್ ಒಳಗೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆ ಹೊರಗೆ ಹೋಗುತ್ತದೆ, ಅದನ್ನು ನೋಡಿ. ಆ ಕಡೆಗೆ ಇಳಿಜಾರಾಗಿ ಒಂದು ಕಾಲುವೆ ತೋಡಿ. ತೋಡಿದ ಎರೆ ಮಣ್ಣಿಗೇ ಹಳೇ ತಿಪ್ಪೆ ಗೊಬ್ಬರ ಬೆರೆಸಿ ಒಂದೂವರೆ ಅಡಿ ಎತ್ತರ, ನಾಲ್ಕೈದು ಅಡಿ ಅಗಲ ದಿಬ್ಬ ಮಾಡಿ. ಸಸಿ ದಿಬ್ಬದ ನೆತ್ತಿಯಲ್ಲಿ ಹಚ್ಚಿ. ಮಣ್ಣು ಬದಲಿಸಬೇಡಿ, ಎರೆ ಮಣ್ಣಿನಲ್ಲಿ ಕಸುವಿದೆ, ನೀರು ಹಿಡಿದಿಡುವ ಗುಣ ಇದೆ. ತೊಗರಿ ಬೆಳೆಯುವ ನೆಲ ಇದು. ಬೇಸಿಗೆಯಲ್ಲಿ ದಿಬ್ಬ ಬಿರಿದರೆ ಸಣ್ಣ ಬೇರು ಹರಿಯುತ್ತವೆ, ಅದಕ್ಕೆ ಒಣ ಎಲೆ, ತೊಗರಿ ಹೊಟ್ಟು ದಪ್ಪಗೆ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ.

ಇನ್ನು ಗಿಡಗಳು. ಬೆಣ್ಣೆಹಣ್ಣು ಬಿಡಿ. ಅದು ಕೊಡಗು, ಚಿಕ್ಕಮಗಳೂರಿನ ತಂಪಿಗೆ ಸರಿ, ನಮ್ಮ ಬಿಸಿಲಿಗೂ ಈ ಮಣ್ಣಿಗೂ ಅಲ್ಲ. ಪೇರಲ ಹಚ್ಚಿ, ಸರ್ದಾರ್ ಅಂತ ಕೇಳಿ, ಎಲ್-49 ಅಂತಲೂ ಕರೆಯುತ್ತಾರೆ. ಗಿಡ ಅಗಲವಾಗಿ ಹರಡುತ್ತದೆ, ಮನೆಯವರು ಕೈಯಲ್ಲೇ ಕೀಳಬಹುದು. ನಾಲ್ಕು ದಿನ ನೀರು ನಿಂತರೂ ತಡೆದುಕೊಳ್ಳುವ ಗಟ್ಟಿ ಗಿಡ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಗಾಬರಿ ಬೇಡ. ನಮ್ಮ ಮಣ್ಣಿನಲ್ಲಿ ಸುಣ್ಣ ಜಾಸ್ತಿ, ಗಿಡಕ್ಕೆ ಕಬ್ಬಿಣ ಸಿಗಲ್ಲ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕಲಸಿ ಸಂಜೆ ಹೊತ್ತು ಎಲೆಗೆ ಹೊಡೆಯಿರಿ.

ಬಾರಿ ಹಣ್ಣಿನ ಗಿಡವನ್ನು (ಬೋರೆ, ಎಲಚಿ ಅಂತಾರಲ್ಲ, ಅದೇ) ಜನ ಕಡೆಗಣಿಸುತ್ತಾರೆ, ನನಗೆ ಬೇಜಾರಾಗುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಮಲಗುತ್ತದೆ, ನೀರು ಕೇಳಲ್ಲ. ಹಣ್ಣು ಮುಗಿದ ಮೇಲೆ ಏಪ್ರಿಲ್-ಮೇನಲ್ಲಿ ಚೆನ್ನಾಗಿ ಕತ್ತರಿಸಿಬಿಡಿ, ಹೊಸ ಚಿಗುರಿನಲ್ಲೇ ಕಾಯಿ ಕಚ್ಚುತ್ತದೆ. ಸೀತಾಫಲವೂ ಹಾಗೇ ಬೇಸಿಗೆ ತಾಳುತ್ತದೆ, ಆದರೆ ನೀರು ನಿಂತರೆ ಉಳಿಯಲ್ಲ, ದಿಬ್ಬ ಎತ್ತರ ಇರಲಿ. ನುಗ್ಗೆಗೂ ಅದೇ ಮಾತು. ನುಗ್ಗೆ ಟೊಂಗೆ ಗಾಳಿಗೆ ಸುಲಭವಾಗಿ ಮುರಿಯುತ್ತದೆ, ವರ್ಷಕ್ಕೊಮ್ಮೆ ಮೂರಡಿಗೆ ಕತ್ತರಿಸಿ. ಕಾಂಪೌಂಡ್ ಉದ್ದಕ್ಕೂ ಕವಳಿ ಹಣ್ಣಿನ ಗಿಡ ಹಚ್ಚಿ. ಮುಳ್ಳಿನ ಬೇಲಿಯೂ ಆಯಿತು, ಉಪ್ಪಿನಕಾಯಿಯೂ ಆಯಿತು. ಕರಿಬೇವನ್ನೂ ದಿಬ್ಬದ ಮೇಲೇ ಹಚ್ಚಿ.

ಬಳ್ಳಿ ಅಂದರೆ ಪಶ್ಚಿಮದ ಕಿಟಕಿ ಮುಂದೆ ಚಪ್ಪರ ಹಾಕಿ ತೊಂಡೆ ಹಬ್ಬಿಸಿ. ಬೀಜ ಬೇಡ, ಕಾಯಿ ಬಿಡುವ ಬಳ್ಳಿಯ ಕಡ್ಡಿ ತಂದು ಊರಿ, ಇಲ್ಲದಿದ್ದರೆ ಗಂಡು ಬಳ್ಳಿ ಬಂದು ಸುಮ್ನೆ ಎಲೆ ನೋಡಿಕೊಂಡು ಕೂರಬೇಕಾಗುತ್ತದೆ. ಮಧ್ಯಾಹ್ನದ ಬಿಸಿಲು ಗೋಡೆಗೆ ಬೀಳೋದು ಕಡಿಮೆಯಾದರೆ ಸಂಜೆ ಕೋಣೆಯೊಳಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಹಬ್ಬುವ, ಹಾಗಲದ ಜಾತಿಯ ಕರ್ಚಿಕಾಯಿಯ ಗಡ್ಡೆ ಸಿಕ್ಕರೆ ಒಂದು ಮೂಲೆಯಲ್ಲಿ ಹೂತಿಡಿ. ಅದು ಎರೆ ಮಣ್ಣಿನದೇ ಬಳ್ಳಿ. ಬೇಸಿಗೆಯಲ್ಲಿ ಒಣಗುತ್ತದೆ, ಮಳೆ ಬಿದ್ದರೆ ಅದೇ ಗಡ್ಡೆ ಚಿಗುರುತ್ತದೆ.

ಗೋಡೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬುನಾದಿಯ ಪಕ್ಕ ದಿನಾ ನೀರು ಹಾಕಿದರೂ ಗೋಡೆ ಬಿರಿಯಬಹುದು, ದೊಡ್ಡ ಮರದ ಬೇರು ಅಲ್ಲಿಯ ತೇವ ಹೀರಿದರೂ ಬಿರಿಯಬಹುದು. ಮಾವು, ನೇರಳೆ, ಹುಣಸೆ 40×60ರಲ್ಲಿ ಬೇಡವೇ ಬೇಡ, ಎಷ್ಟೇ ಆಸೆ ಇದ್ದರೂ. ಪೇರಲ, ಬಾರಿ ಹತ್ತು ಅಡಿಯಾದರೂ ದೂರ ಇರಲಿ. ತೊಂಡೆಯನ್ನು ದೊಡ್ಡ ಕುಂಡದಲ್ಲಿಟ್ಟು ಚಪ್ಪರಕ್ಕೆ ಹಬ್ಬಿಸಿ. ಮನೆ ಸುತ್ತ ಹಾಸುವ ಶಹಾಬಾದ್ ಕಲ್ಲಿಗೆ ಗೋಡೆಯಿಂದ ಹೊರಗೆ ಇಳಿಜಾರು ಕೊಡಲು ಗೌಂಡಿಗೆ ಈಗಲೇ ಹೇಳಿ.

ದಿಬ್ಬ ಮಳೆಗೆ ಮುಂಚೆ ಮಾಡಿ ಬಿಟ್ಟುಬಿಡಿ, ಒಂದು ಮಳೆಗಾಲ ಕೂತುಕೊಳ್ಳಲಿ. ಎಲ್ಲೆಲ್ಲಿ ನೀರು ನಿಲ್ಲುತ್ತದೆ ಅಂತ ಅಷ್ಟರಲ್ಲಿ ನಿಮಗೂ ಗೊತ್ತಾಗಿರುತ್ತದೆ. ಸಸಿ ದಸರಾ ಆದ ಮೇಲೆ ತನ್ನಿ.