ಬೊಲೊನ್ಯಾ, ಎರಡು ದಿನ, ಒಬ್ಬರೇ: ಹೋಗಬಹುದಾ?

ಫ್ಲಾರೆನ್ಸ್ ಮುಗಿದ ಮೇಲೆ ಎರಡು ದಿನ ಉಳಿಯುತ್ತೆ, ಒಬ್ಬಳೇ ಇಟಲಿಯ ಬೊಲೊನ್ಯಾಗೆ ಹೋದರೆ ಸಸ್ಯಾಹಾರಿಗೆ ಊಟ ಸಿಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ವೇಗದ ರೈಲಿನಲ್ಲಿ ಸುಮಾರು 40 ನಿಮಿಷ ಅಷ್ಟೇ. ಸ್ಟೇಷನ್‌ನಿಂದ ಊರ ನಡುವಿನ ಪಿಯಾಜ್ಜಾ ಮಜ್ಜೋರೆ ಚೌಕಕ್ಕೆ ನಡೆದೇ ಹೋಗಬಹುದು, ಮಳೆ ಬಂದರೂ ಜಾಸ್ತಿ ನೆನೆಯಲ್ಲ, ಯಾಕಂದರೆ ರಸ್ತೆ ಬದಿಯಲ್ಲಿ ಕಮಾನಿನ ಮೊಗಸಾಲೆಗಳಿವೆ (2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು).

ಊಟದ್ದೇ ಸ್ವಲ್ಪ ತಲೆನೋವು. ತೋರ್ತೆಲ್ಲಿನಿ ಅನ್ನೋ ಹೂರಣ ತುಂಬಿದ ಪುಟ್ಟ ಪಾಸ್ತಾ ಒಳಗೆ ಹಂದಿಮಾಂಸ, ಅದರ ಸಾರೂ ಮಾಂಸದ್ದೇ. ಪಾಸ್ತಾಗೆ ಹಾಕುವ ರಾಗು ಅಂದರೆ ನಮ್ಮ ರಾಗಿ ಅಲ್ಲ, ಕೈಮಾ ಸಾಸ್! ನೀವು ಕೇಳಬೇಕಾದ್ದು ತೋರ್ತೆಲ್ಲೋನಿ, ಅದೇ ಥರದ ದೊಡ್ಡ ಪಾಸ್ತಾ, ಒಳಗೆ ರಿಕೊಟ್ಟಾ ಚೀಸ್, ಮೇಲೆ ಬೆಣ್ಣೆ ಮತ್ತು ಸೇಜ್ ಎಲೆ, ತುಂಬಾ ರುಚಿ. ಆದರೆ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಪಾರ್ಮಿಜಾನೊ ಚೀಸ್‌ಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಎಷ್ಟು ಕಟ್ಟುನಿಟ್ಟು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ.

ಒಬ್ಬರೇ ಅಂತ ಸಂಕೋಚ ಬೇಡ. ಮಧ್ಯಾಹ್ನ ಮೆರ್ಕಾತೊ ದೆಲ್ಲೆ ಎರ್ಬೆ ಮಾರುಕಟ್ಟೆಯಲ್ಲಿ ಸುಮ್ನೆ ಒಂದು ಮೇಜು ಹಿಡಿದು ಕೂರಿ. ಬಿಲ್‌ನಲ್ಲಿ ಕೊಪೆರ್ತೊ ಅಂತ ಒಂದೆರಡು ಯೂರೊ ಇದ್ದರೆ ಗಾಬರಿಯಾಗಬೇಡಿ, ಕೂತಿದ್ದಕ್ಕೆ ಹಾಕುವ ಚಾರ್ಜ್ ಅದು.

ಗೋಪುರ ಹತ್ತುವುದನ್ನು ನಂಬಿಕೊಂಡು ಹೋಗಬೇಡಿ. ಗಾರಿಸೆಂಡಾ ಗೋಪುರ ವಾಲಿದೆ ಅಂತ 2023ರಲ್ಲಿ ಸುತ್ತ ಬೇಲಿ ಹಾಕಿದರು, ಪಕ್ಕದ ಅಸಿನೆಲ್ಲಿ ಗೋಪುರಕ್ಕೂ ಆಗ ಪ್ರವೇಶ ನಿಂತಿತು. ಅದರ ಬದಲು 666 ಕಮಾನು ದಾಟಿ ಸಾನ್ ಲೂಕಾ ಗುಡ್ಡ ಹತ್ತಿ, ನನ್ನ ಪ್ರಕಾರ ಅದೇ ಮೇಲು. ಹತ್ತಿರದ ಊರುಗಳಾದ ಪಾರ್ಮಾ, ಮೊದೆನಾ ಈ ಸಲ ಬಿಡಿ.