ಸೈನ್ಯ ಕಳಿಸಿದ್ದರೆ ತಿಂಗಳಲ್ಲಿ ಮುಗಿಯುತ್ತಿತ್ತೇ?

ಹಿರೇಕೆರೂರು ಕಡೆಯ ನಿವೃತ್ತ ಸುಬೇದಾರರೊಬ್ಬರ ಪತ್ರದ ಸಾರ ಇದು: "ಶರಣಾದ ನಕ್ಸಲರ ಬಗ್ಗೆ ನೀವು ಬರೆದದ್ದು ಓದಿ ಸಿಟ್ಟು ಬಂತು. ಪೊಲೀಸರ ಮೇಲೆ ಬಂದೂಕು ಎತ್ತಿದವರಿಗೆ ಲಕ್ಷಗಟ್ಟಲೆ ಹಣ. ನಮ್ಮ ಗೋವಿನಜೋಳ ಮಳೆಗೆ ಹೋದರೆ ಪರಿಹಾರ ಇಲ್ಲ. ಸೈನ್ಯ, ವಿಮಾನ ಇದ್ದೂ ಒಂದು ತಿಂಗಳ ಕೆಲಸವನ್ನು ವರ್ಷಗಟ್ಟಲೆ ಎಳೆದರು. ನಾಳೆ ನಿಮ್ಮಂಥವರು ಇವರನ್ನೂ ಮೈಲಾರ ಮಹಾದೇವಪ್ಪನವರ ಸಾಲಿನಲ್ಲಿ ಕೂಡಿಸುತ್ತೀರಿ."

ಸುಬೇದಾರ್ ಸಾಹೇಬರೇ, ಕೊನೆಯ ಮಾತಿಗೆ ಮೊದಲು ಉತ್ತರ: ಕೂಡಿಸುವುದಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಿದ್ದ ಸ್ವಾತಂತ್ರ್ಯ ಹೋರಾಟಗಾರ ಮಹಾದೇವಪ್ಪನವರ ಎದುರಿಗಿದ್ದ ಬ್ರಿಟಿಷ್ ಸರ್ಕಾರವನ್ನು ಓಟು ಹಾಕಿ ಇಳಿಸುವ ದಾರಿ ಇರಲಿಲ್ಲ. ಮಾವೋವಾದಿಗಳು, ಅಂದರೆ ಈ ನಕ್ಸಲರು, ಓಟನ್ನೇ ಬಹಿಷ್ಕರಿಸಿದವರು, ಮಾಹಿತಿದಾರರೆಂಬ ಗುಮಾನಿಯಲ್ಲಿ ಬಡ ಆದಿವಾಸಿಗಳನ್ನೇ ಕೊಂದವರು. ಈ ವಿಷಯದಲ್ಲಿ ನಿಮಗೂ ನನಗೂ ಜಗಳವಿಲ್ಲ.

ಜಗಳ ಇರುವುದು ಆ 'ಒಂದು ತಿಂಗಳ'ದಲ್ಲಿ. ಈಶಾನ್ಯದಲ್ಲಿ ಸೇವೆ ಮಾಡಿ ಬಂದ ನಿಮಗೆ ಮಿಜೋರಾಂ ಕತೆ ನಾನು ಹೇಳಬೇಕಾಗಿಲ್ಲ, ಆದರೆ ಉಳಿದ ಓದುಗರಿಗಾಗಿ ಹೇಳುತ್ತೇನೆ. ಆಗ ಅದು ಅಸ್ಸಾಮಿನ ಒಂದು ಜಿಲ್ಲೆ. ಬಿದಿರು ಹೂ ಬಿಟ್ಟು, ಇಲಿ ಹೆಚ್ಚಿ, ಬೆಳೆ ನಾಶವಾಗಿ 1959ರ ಹೊತ್ತಿಗೆ ಬರ ಬಿತ್ತು. ಸರ್ಕಾರ ಕೈಹಿಡಿಯಲಿಲ್ಲ ಎಂಬ ಸಿಟ್ಟಿನಲ್ಲಿ, ಬರ ಪರಿಹಾರಕ್ಕೆಂದು ಕಟ್ಟಿದ ಸಂಘವೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಫೆಬ್ರುವರಿ ಕೊನೆಗೆ ಬಂಡಾಯ ಎದ್ದಿತು. ಮಾರ್ಚ್ ಮೊದಲ ವಾರದಲ್ಲೇ ವಾಯುಪಡೆಯ ವಿಮಾನಗಳು ಐಜಾಲ್ ಮೇಲೆ ದಾಳಿ ಮಾಡಿದವು, ನಮ್ಮ ದೇಶದ ಊರಿನ ಮೇಲೆ ನಮ್ಮದೇ ವಿಮಾನ! ಸೈನ್ಯ ಪಟ್ಟಣಗಳನ್ನು ಬೇಗನೇ ಹಿಡಿತಕ್ಕೆ ತಂದುಕೊಂಡಿತು. ನೀವು ಹೇಳುವ ತಿಂಗಳ ಕೆಲಸ ಅಂದರೆ ಇದೇ.

ಆದರೆ ಬಂಡಾಯಗಾರರು ಕಾಡಿಗೆ, ಗಡಿಯಾಚೆಗೆ ಸರಿದರು. ಅವರಿಗೆ ಅಕ್ಕಿ, ಸುದ್ದಿ ಎರಡೂ ಸಿಗಬಾರದೆಂದು 1967ರಿಂದ ಹಳ್ಳಿಗಳನ್ನೇ ಖಾಲಿ ಮಾಡಿಸಿ, ಜನರನ್ನು ರಸ್ತೆ ಬದಿಯ ಕಾವಲಿನ ಊರುಗಳಿಗೆ ಸಾಗಿಸಿದರು. ಹೊಲ ಹೋಯಿತು, ಮನೆ ಸುಟ್ಟಿತು. ಬಂದೂಕು ಮುಟ್ಟದವನಿಗೂ ಸಿಟ್ಟು ಬರಲು ಇಷ್ಟು ಸಾಲದೇ? ಶಾಂತಿ ಬಂದದ್ದು 1986ರ ಜೂನ್ 30ರ ಒಪ್ಪಂದದಿಂದ, ಇಪ್ಪತ್ತು ವರ್ಷದ ಮೇಲೆ. ಬಂಡಾಯದ ನಾಯಕ ಲಾಲ್‌ಡೆಂಗಾ ಅದೇ ವರ್ಷ ಮುಖ್ಯಮಂತ್ರಿಯಾದರು. ನಮ್ಮಲ್ಲಿ ಶರಣಾದವರಿಗೆ ಕೊಡುವ ಹಣ ಇದರ ಮುಂದೆ ಯಾವ ಲೆಕ್ಕ?

ಇನ್ನು ಛತ್ತೀಸಗಢದಲ್ಲಿ 2005ರಲ್ಲಿ ನಕ್ಸಲರ ವಿರುದ್ಧ, ಸರ್ಕಾರದ ಬೆಂಬಲದಿಂದ ಹುಟ್ಟಿದ ಸಲ್ವಾ ಜುಡುಂ. ಐದನೇ ಇಯತ್ತೆ ಓದಿದರೂ ಸಾಕೆಂದು ಆದಿವಾಸಿ ಹುಡುಗರ ಕೈಗೆ ಬಂದೂಕು ಕೊಟ್ಟು ವಿಶೇಷ ಪೊಲೀಸರನ್ನಾಗಿ ಮಾಡಿದರು. ಇದು ಸಂವಿಧಾನ ಬಾಹಿರ ಎಂದು ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಹೇಳಿತು. ಅಷ್ಟರಲ್ಲಿ ಎಷ್ಟೋ ಹಳ್ಳಿ ಖಾಲಿಯಾಗಿದ್ದವು. ಆಂಧ್ರ 1989ರಲ್ಲಿ ಗ್ರೇಹೌಂಡ್ಸ್ ಪಡೆ ಕಟ್ಟಿ ಬೇರೆ ದಾರಿ ಹಿಡಿಯಿತು: ತರಬೇತಾದ ಪೊಲೀಸರ ಸಣ್ಣ ತಂಡ, ಸ್ಥಳೀಯ ಸುದ್ದಿ. ಅದರ ಎನ್‌ಕೌಂಟರ್‌ಗಳ ಮೇಲೂ ದೂರುಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾಡಿನಲ್ಲಿ ಸುದ್ದಿ ಇಲ್ಲದ ಬಂದೂಕು ಕುರುಡು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನಮ್ಮ ರಾಜ್ಯದ್ದೂ ನೋಡಿ. ಫೆಬ್ರುವರಿ 2005ರಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಹತನಾದ ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯಲ್ಲಿ ತಂಗಿದ್ದ ಪೊಲೀಸರ ಮೇಲೆ ನಕ್ಸಲರ ದಾಳಿಯಾಯಿತು. ಅಂದು ಸತ್ತ ಪೊಲೀಸರೂ ನಮ್ಮ ನಿಮ್ಮಂಥ ಮನೆಗಳ ಹುಡುಗರೇ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ಮಂದಿ ಶರಣಾದಾಗ ಒಂದು ಗುಂಡೂ ಹಾರಲಿಲ್ಲ. ಅವರು ಹಾರ ಹಾಕಿಸಿಕೊಂಡು ಮನೆಗೆ ಹೋಗಲಿಲ್ಲ, ನ್ಯಾಯಾಲಯಕ್ಕೆ, ಅಲ್ಲಿಂದ ಜೈಲಿಗೆ ಹೋದರು. ಶರಣಾದ ಮಾತ್ರಕ್ಕೆ ಪ್ರಕರಣಗಳು ರದ್ದಾಗಲಿಲ್ಲ.

ಗೋವಿನಜೋಳದ ಮಾತು ಮಾತ್ರ ನೂರಕ್ಕೆ ನೂರು ಸರಿ. ಅದು ಬೇರೆ ಹೋರಾಟ. ಪಹಣಿ, ಅರ್ಜಿಯ ನಕಲು ಎರಡನ್ನೂ ಹುಬ್ಬಳ್ಳಿಯ ನಮ್ಮ ಕಚೇರಿಗೆ ಕಳಿಸಿ. ನಮ್ಮ ವರದಿಗಾರ ತಾಲೂಕು ಕಚೇರಿಯಲ್ಲಿ ಕೇಳಿಕೊಂಡು ಬರುತ್ತಾನೆ.

— ಸಂಪಾದಕ