ಒಂದು ಹಳೇ ಪ್ರಿಂಟರ್‌ಗಾಗಿ ವೈಫೈ ಬೀಗ ತೆಗೆದಿಡೋದಾ?

ಪ್ರಶ್ನೆ: ಸಾರ್, ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಲೆಕ್ಕ ನೋಡುವ ಸಣ್ಣ ಆಫೀಸು. ಐದು ಕಂಪ್ಯೂಟರ್, ಒಂದು ಹಳೇ ಪ್ರಿಂಟರ್. ವೈಫೈಗೆ ಡಬ್ಲ್ಯುಪಿಎ2 (WPA2) ಅನ್ನೋ ಬೀಗ ಇಟ್ಟರೆ ಪ್ರಿಂಟರ್ ಸೇರಿಕೊಳ್ಳಲ್ಲ ಅಂತ ರಿಪೇರಿ ಹುಡುಗ ಡಬ್ಲ್ಯುಇಪಿ (WEP) ಅನ್ನೋ ಹಳೇ ಬೀಗ ಹಾಕಿಕೊಟ್ಟಿದ್ದಾನೆ. ಪಾಸ್‌ವರ್ಡ್ ಅಂತೂ ಇದೆ, ಸಾಕಲ್ವಾ? ವೈಫೈ ಹೆಸರು ಯಾರಿಗೂ ಕಾಣದ ಹಾಗೆ ಮಾಡಿದರೆ ಹೇಗೆ?

ಉತ್ತರ: ಸಾಲದು. ಡಬ್ಲ್ಯುಇಪಿ 1997ರ ಸರಕು. ಅದನ್ನು ಒಡೆಯುವ ದಾರಿ 2001ರಲ್ಲೇ ಬಯಲಾಯಿತು. ಅದರಲ್ಲಿ ಪಾಸ್‌ವರ್ಡ್ ಎಷ್ಟೇ ಕಷ್ಟದ್ದಿರಲಿ, ಗಾಳಿಯಲ್ಲಿ ಹರಿದಾಡುವ ಡೇಟಾದಿಂದಲೇ ಕೀ ಸೋರಿಹೋಗುತ್ತದೆ. ಕೆಳಗಿನ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವನಿಗೆ ಒಂದು ಕಾಫಿ ಮುಗಿಯುವಷ್ಟು ಹೊತ್ತು ಸಾಕು.

ಪ್ರಿಂಟರಿಗೆ ವೈಫೈಯೇ ಯಾಕೆ ಬೇಕು? ಹಿಂದುಗಡೆ ಲ್ಯಾನ್ ಪೋರ್ಟ್ ಇದ್ದರೆ ರೂಟರಿಗೆ ಕೇಬಲ್ ಎಳೆಸಿ. ಇಲ್ಲವಾ, ಯುಎಸ್‌ಬಿಯಲ್ಲಿ ಒಂದು ಕಂಪ್ಯೂಟರಿಗೆ ಸಿಕ್ಕಿಸಿ ಉಳಿದವರಿಗೆ ಶೇರ್ ಮಾಡಿ.

ಆಮೇಲೆ ರೂಟರ್ ಸೆಟ್ಟಿಂಗಿಗೆ ಹೋಗಿ. ಬ್ರೌಸರಿನಲ್ಲಿ ಹಾಕಬೇಕಾದ ವಿಳಾಸ ರೂಟರಿನ ತಳದ ಸ್ಟಿಕ್ಕರಿನಲ್ಲೇ ಇರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅಲ್ಲಿ ಡಬ್ಲ್ಯುಪಿಎ2, ಪಕ್ಕದಲ್ಲಿ ಡೇಟಾ ಗುಟ್ಟಾಗಿಡುವ ವಿಧಾನ ಕೇಳುವ ಕಡೆ ಎಇಎಸ್ (AES) ಆರಿಸಿ, ಹಳೆಯ ಟಿಕೆಐಪಿ (TKIP) ಬೇಡ. 2018ರಲ್ಲಿ ಬಂದ ಡಬ್ಲ್ಯುಪಿಎ3 ನಿಮ್ಮ ರೂಟರಿನಲ್ಲೂ ಕಂಪ್ಯೂಟರುಗಳಲ್ಲೂ ಇದ್ದರೆ ಇನ್ನೂ ಒಳ್ಳೆಯದು.

ಡಬ್ಲ್ಯುಪಿಎ2ನಲ್ಲಿ ಪಾಸ್‌ವರ್ಡೇ ಜೀವಾಳ. 8ರಿಂದ 63 ಅಕ್ಷರದ ತನಕ ಇಡಬಹುದು. ನಿಮ್ಮ ಫೋನ್ ವೈಫೈಗೆ ಸೇರುವ ಕ್ಷಣದ ಮಾತುಕತೆಯನ್ನು ಕಳ್ಳ ಹಿಡಿದಿಟ್ಟುಕೊಂಡರೆ ಮುಗೀತು, ಮನೆಯಲ್ಲಿ ಕೂತು ನಿಧಾನಕ್ಕೆ ಕೋಟಿಗಟ್ಟಲೆ ಊಹೆ ಹಾಕಿ ನೋಡುತ್ತಾನೆ, ನಿಮಗೆ ಗೊತ್ತೂ ಆಗಲ್ಲ. ಮೊಬೈಲ್ ನಂಬರ್ ಇಟ್ಟಿದ್ದರೆ ಬೇಗ ಸಿಕ್ಕಿಬೀಳುತ್ತದೆ. ಸಂಬಂಧವೇ ಇಲ್ಲದ ಐದಾರು ಪದ ಜೋಡಿಸಿ: ಹಲಸು, ಏಣಿ, ಗುರುವಾರ, ಕಂಬಳಿ, ಇಸ್ತ್ರಿ, ಹೀಗೆ. (ಇದನ್ನೇ ಇಡಬೇಡಿ ಮತ್ತೆ, ಅಚ್ಚಾಗಿಹೋಯ್ತು!)

ಪಾಸ್‌ವರ್ಡ್ ಬದಲು ಬಟನ್ ಒತ್ತಿ ಇಲ್ಲವೇ ಪಿನ್ ಹಾಕಿ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ (WPS) ಆಫ್ ಮಾಡಿ. ಅದರ ಪಿನ್ ಎಂಟಂಕಿ ಅನ್ನುವುದು ನೋಡೋಕಷ್ಟೇ. ಕೊನೆಯ ಅಂಕಿ ಸುಮ್ನೆ ತಾಳೆ ನೋಡಲು, ಉಳಿದದ್ದನ್ನು ರೂಟರ್ ಎರಡು ತುಂಡು ಮಾಡಿ ಬೇರೆ ಬೇರೆ ಪರೀಕ್ಷಿಸುತ್ತದೆ, ಹಾಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿತು. ಇದು 2011ರಲ್ಲೇ ಗೊತ್ತಾದ ವಿಷಯ.

ಹೆಸರು ಮುಚ್ಚಿಡುವುದರಿಂದ ಏನೂ ಲಾಭವಿಲ್ಲ, ಕನೆಕ್ಟ್ ಆಗುವಾಗ ನಿಮ್ಮ ಫೋನೇ ಅದನ್ನು ಕೂಗಿ ಹೇಳುತ್ತದೆ.

ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದಿಟ್ಟಿದ್ದನ್ನು ನೋಡಿದ್ದೇನೆ. ಅಡಿಕೆ ಮೂಟೆ ತಂದವರೆಲ್ಲ ಅದೇ ನೆಟ್‌ವರ್ಕಿನಲ್ಲಿ, ಲೆಕ್ಕಪತ್ರದ ಟ್ಯಾಲಿ ಫೋಲ್ಡರೂ ಅದರಲ್ಲೇ! ನಿಮ್ಮಲ್ಲಿ ಬರುವ ಗಿರಾಕಿಗಳಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿಕೊಡಿ. ಕೆಲಸದವರು ಯಾರಾದರೂ ಬಿಟ್ಟು ಹೋದ ದಿನವೇ ಆಫೀಸಿನ ಪಾಸ್‌ವರ್ಡ್ ಬದಲಿಸಿ. ರೂಟರ್ ಸೆಟ್ಟಿಂಗಿನ ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಅಂತಲೇ ಇದ್ದರೆ ಅದನ್ನೂ.

ಇನ್ನು ಕೇಬಲ್. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆ ಯಾವುದು ಅಂತ ನಿಮಗೇ ಗೊತ್ತಿರುತ್ತದಲ್ಲ, ಆ ಕಡೆಯಿಂದ ಮಾತ್ರ ಎಳೆಸಬೇಡಿ.